ಹಳೇ ಗಾಡಿದಾರಿ ಹಿಡಿದು ಐತವಾರ

ನನ್ನ ಮಗ ಮಿರಜದಾಗ ಕೆಲಸ ಮಾಡತಾನ. ಮೂರು ವರ್ಷದ ಹಿಂದ ಒಬ್ಬರು ವಾಪರಿಸಿ ಬಿಟ್ಟ ಕಾರು ತಗೊಂಡ. ತಿಂಗಳಿಗೆ ಎರಡು ಸಲ ಹೆಂಡತಿ, ಮಗಳನ್ನ ಕರಕೊಂಡು ಊರಿಗೆ ಬರತಾನ. ಶನಿವಾರ ರಾತ್ರಿ ಉಂಡು ಮಲಗಿದರ ಐತವಾರ ಮುಂಜಾನೆ ಒಂದೇ ಮಾತು: "ಅಪ್ಪಾ, ಎಲ್ಲಿಗರೆ ಸುತ್ತಾಡಿ ಬರೂಣು ನಡಿ."

ಮೊದಲಿಗೆ ನನಗ ಇದು ತಿಳೀಲಿಲ್ಲ. ನಾವು ದಾರಿ ಹಿಡಿದರ ಏನರೆ ಒಂದು ಕೆಲಸಕ್ಕ ಹಿಡಿದವರು. ಸಂತಿ, ಜಾತ್ರಿ, ಲಗ್ನ, ಮಣ್ಣು, ಇಲ್ಲಾ ಹಾಡಿಕಿ. ಬರೇ ನೋಡಾಕ ಅಂತ ಎಣ್ಣಿ ಸುಟ್ಟು ಹೋಗೂದು ಅಂದರ ನಗಿ ಬಂದಿತ್ತು. ಈಗ ನಾನೇ ಶನಿವಾರ ಸಂಜೀಕ ಕಟ್ಟಿ ಮ್ಯಾಲೆ ಕುಂತು ಮನಸ್ಸಿನಾಗ ದಾರಿ ಜೋಡಿಸತಿರತೀನಿ.

ವಾಚನಾಲಯದ ಪುಸ್ತಕಕ್ಕ ನೀವೂ ಒಂದು ಲೇಖನ ಕೊಡ್ರಿ ಅಂತ ಮಾಸ್ತರರು ಕೇಳಿದಾಗ ಹಾಡಿನ ಬಗ್ಗೆ ಬರಿಯೂಣು ಅಂದುಕೊಂಡಿದ್ದೆ. ಬರಿಯಾಕ ಕುಂತರ ದಾರಿಗಳೇ ಬಂದವು. ನಾನು ಏಳನೇ ಇಯತ್ತೆ ಕಲಿತವ. ತಪ್ಪಿದ್ದರ ತಿದ್ದಿಕೊಂಡು ಓದ್ರಿ.

ಮೊದಲ ನಾಲ್ಕೈದು ಸಲ ಮಗ ಮೊಬೈಲ್ ಮುಂದಿಟ್ಟುಕೊಂಡು ಅದು ಹೇಳಿದಂಗ ಹೋದ. ಅದಕ್ಕ ಒಂದೇ ದಾರಿ ಗೊತ್ತು. ಗುಹಾಗರದಿಂದ ಕರಾಡ, ಜತ್ತ ದಾಟಿ ವಿಜಯಪುರಕ್ಕ ಹೋಗುವ ದೊಡ್ಡ ರಸ್ತೆ. ರಸ್ತೆ ಛಲೋ ಐತಿ, ಸುಳ್ಳು ಹೇಳಬಾರದು. ಆದರ ಅದರ ಮ್ಯಾಲೆ ಕುಂತು ನಾವು ನೋಡಿದ್ದು ಮುಂದಿನ ಟ್ರಕ್ಕಿನ ಬೆನ್ನು ಅಷ್ಟ. ಕಬ್ಬಿನ ಹಂಗಾಮಿನಾಗ ಅದೂ ಇಲ್ಲ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಒಂದೊಂದು ಮೈಲಿ ತೆವಳಬೇಕು. ಮೊಮ್ಮಗಳು ಅವರವ್ವನ ತೊಡಿ ಮ್ಯಾಲೆ ಮಲಗಿಬಿಡತಿತ್ತು. ಹೋಗಿ, ಒಂದು ಹೊಟೇಲಿನಾಗ ಚಹಾ ಕುಡಿದು, ತಿರುಗಿ ಬರೂದು. ಇದಕ್ಕ ಸುತ್ತಾಟ ಅಂತ ಹೆಸರು.

ಒಂದು ಐತವಾರ ತಡಕೊಳ್ಳಾಕ ಆಗಲಿಲ್ಲ. "ಇಲ್ಲಿ ಎಡಕ್ಕ ಹೊಳ್ಳಸು" ಅಂದೆ. "ಮೊಬೈಲದಾಗ ಇಲ್ಲಿ ದಾರೀನ ಇಲ್ಲಪಾ" ಅಂದ. "ಮೊಬೈಲ್ ಹುಟ್ಟೂಕಿಂತ ಮೊದಲ ಇಲ್ಲಿ ದಾರಿ ಐತಿ" ಅಂದೆ. ಹೊಳ್ಳಿಸಿದ. ಅವತ್ತಿನಿಂದ ನಮ್ಮ ಸುತ್ತಾಟ ಸುರು ಆತು.

ನನಗ ಈ ದಾರಿ ಹೆಂಗ ಗೊತ್ತು ಅಂದರ ಹಂತಿ ಹಾಡಿನಿಂದ. ಈಗಿನ ಹುಡುಗರಿಗೆ ಹಂತಿ ಅಂದರ ಗೊತ್ತಿಲ್ಲ, ಅದಕ್ಕ ಎರಡು ಮಾತು ಹೇಳತೀನಿ. ಕಣದ ನಡುವ ಮೇಟಿ ನೆಟ್ಟು, ಜೋಳದ ತೆನಿ ಹರವಿ, ಎತ್ತುಗಳನ್ನ ಸಾಲಾಗಿ ಕಟ್ಟಿ ಸುತ್ತ ತಿರುಗಿಸೂದು. ರಾತ್ರಿ ಎಲ್ಲಾ ನಡಿಯೂ ಕೆಲಸ. ಎತ್ತಿಗೂ ನಿದ್ದಿ, ಮನಶಾರಿಗೂ ನಿದ್ದಿ. ಅದಕ್ಕ ಹಾಡಬೇಕು. ಮುಂದ ಒಬ್ಬ ಎತ್ತಿಕೊಡತಾನ, ಹಿಂದ ಉಳಿದವರು ಹಿಡೀತಾರ. 1980ರ ಸುಮಾರಿಗೆ ನನಗ ಇಪ್ಪತ್ತು ವರ್ಷ. ಸುಗ್ಗಿ ಎರಡು ತಿಂಗಳು ಯಾವ ಊರಾಗ ರಾಶಿ ಇದ್ದರ ಆ ಊರಿಗೆ ನಮ್ಮನ್ನ ಕರೀತಿದ್ದರು. ಸಂಜೀಕ ಗಾಡಿ ಹೂಡಿದರ ಬೆಳದಿಂಗಳಾಗ ಮುಟ್ಟತಿದ್ದೆವು. ಜತ್ತ ತಾಲೂಕಿನ ಮೂಡಣ ಭಾಗ, ಆ ಕಡೆ ಮಂಗಳವೇಢೆಯ ಕೆಲವು ಊರು, ಈ ಕಡೆ ವಿಜಯಪುರ ಜಿಲ್ಲಾದ ಹಳ್ಳಿಗಳು ಎಲ್ಲಾ ಗಾಡಿದಾರಿಲೇ ತಿರುಗಿದ್ದು. ರಾಶಿ ಮಷೀನ್ ಬಂದವು, ಎತ್ತು ಹೋದವು, ಹಂತಿ ನಿಂತಿತು. ದಾರಿ ಮಾತ್ರ ತಲಿಯಾಗ ಉಳಿದವು.

ದೊಡ್ಡ ರಸ್ತೆ ಎಂಜಿನಿಯರ್ ನಕಾಶದ ಮ್ಯಾಲೆ ಹಾಕತಾನ. ಗಾಡಿದಾರಿ ಎತ್ತು ಹಾಕಿದ್ದು. ಎತ್ತು ನೆಟ್ಟಗ ಏರು ಹತ್ತೂದಿಲ್ಲ, ಗುಡ್ಡದ ಮಗ್ಗಲಾ ಹಿಡಿದು ಬಳಸಿ ಹೋಗತೈತಿ. ಹಳ್ಳ ದಾಟೂದು ಕಲ್ಲಹಾಸಿಗಿ ಇದ್ದಲ್ಲೇ, ಉಸುಕಿನಾಗಲ್ಲ. ಎತ್ತಿಗೆ ನೀರು ಬೇಕು, ಅದಕ್ಕ ದಾರಿ ಬಾವಿಯಿಂದ ಬಾವಿಗೆ ಹೋಗತೈತಿ. ಬಾವಿ ಇದ್ದಲ್ಲಿ ಬೇವು, ಆಲ, ಹುಣಸಿ. ಇನ್ನ ಪಲ್ಲಕ್ಕಿ ಹೋಗುವ ದಾರಿ ಅಂದರ ಹೇಳೂದ ಬ್ಯಾಡ. ಹೊತ್ತವರು ಹೆಗಲು ಬದಲಿ ಮಾಡೂ ಕಡೆ ಒಂದು ಕಟ್ಟಿ, ಒಂದು ಗಿಡ ಇದ್ದ ಇರತಾವ. ಹಿಂಗಾಗಿ ಕಣ್ಣಿಗೆ ತಂಪಾಗೂದೆಲ್ಲಾ ಆ ದಾರಿ ಮ್ಯಾಲೇ ಕೂಡಿ ಬಿದ್ದಿರತೈತಿ. ಈಗ ಅವುಗಳೊಳಗ ಎಷ್ಟೋ ದಾರಿಗೆ ಡಾಂಬರ ಆಗೇತಿ, ಕಾರು ಸಲೀಸಾಗಿ ಹೋಗತೈತಿ. ಆಗಲಾರದವು ಪಾಣಂದ ಅಂತ ಉಳಿದಾವ. ಅದರಾಗ ಕಾರು ಹಾಕಬೇಕಾದರ ಮೊದಲು ಇಳಿದು ನಾಲ್ಕು ಹೆಜ್ಜಿ ನಡದು ನೋಡಬೇಕು.

ಅದಕ್ಕ ಹೊಸ ಊರಿಗೆ ಹೋದರ ನಾನು "ಹತ್ತರದ ದಾರಿ ಯಾವುದು?" ಅಂತ ಕೇಳೂದಿಲ್ಲ. ಹಂಗ ಕೇಳಿದರ ಎಲ್ಲಾರೂ ದೊಡ್ಡ ರಸ್ತೆ ಕಡೆ ಕೈ ಮಾಡತಾರ. "ನಿಮ್ಮೂರ ಪಲ್ಲಕ್ಕಿ ಜಾತ್ರಿಗೆ ಯಾವ ದಾರಿಲೆ ಹೋಗತೈತಿ?" ಅಂತ ಕೇಳತೀನಿ. ಕುಂತ ಮುದುಕರು ಎದ್ದು ನಿಂತು ಹೇಳತಾರ. ಇಬ್ಬರು ಇದ್ದರ ಜಗಳಾನೂ ಆಡತಾರ. ಗುಡ್ಡಾಪುರ ದಾನಮ್ಮನ ಕಡೆ ಬರೂ ದಾರಿಗಳು ಹಂಗ ಸಿಕ್ಕವು. ಒಂದು ಮುಚ್ಚಂಡಿ ಕಡೆಯಿಂದ, ಒಂದು ಸಂಖ ಕಡೆಯಿಂದ, ವಿಜಯಪುರ ಕಡೆಯಿಂದ ಬರೂದು ಬ್ಯಾರೆ. ತಾಯಿ ಹುಟ್ಟಿದ ಉಮರಾಣಿಯೂ ನಮ್ಮ ತಾಲೂಕಿನದ. ಹುಲಜಂತಿ ಮಹಾಲಿಂಗರಾಯನ ದಾರಿಯೂ ಹಿಂಗ. ಆದರ ಒಂದು ಮಾತು. ಛಟ್ಟಿ ಅಮಾಸಿಗೆ ಗುಡ್ಡಾಪುರಕ್ಕ, ದೀಪಾವಳಿ ಅಮಾಸಿಗೆ ಹುಲಜಂತಿಗೆ ಸುತ್ತಾಟ ಅಂತ ಕಾರು ಒಯ್ಯಬ್ಯಾಡ್ರಿ. ದಾರಿ ತುಂಬ ನಡಕೊಂಡು ಹೋಗೂ ಮಂದಿ, ಅವರ ಕಾಲಾಗ ಹಾರ್ನ್ ಹೊಡಕೋತ ಹೋಗೂದು ಪಾಪ. ಒಂದು ವಾರ ಬಿಟ್ಟು ಹೋಗ್ರಿ. ದಾರಿ ನಿಮ್ಮದ.

ರಸ್ತೆ ಗುರುತು ಹಿಡಿಯಾಕ ಇನ್ನೊಂದು ಉಪಾಯ ಮಗ ಕಲಿಸಿದ. ಮೈಲಿಗಲ್ಲಿನ ತಲಿ ಹಳದಿ ಇದ್ದರ ರಾಷ್ಟ್ರೀಯ ಹೆದ್ದಾರಿ, ಹಸರು ಇದ್ದರ ರಾಜ್ಯದ್ದು, ಕೇಸರಿ ಇದ್ದರ ಹಳ್ಳಿ ರಸ್ತೆ. ನಾವು ಕೇಸರಿ ತಲಿ ಹುಡಕತೀವಿ. ಮೊಮ್ಮಗಳಿಗೆ ಅದ ಆಟ. ಮಿರಜದಾಗ ಮರಾಠಿ ಶಾಳೆಗೆ ಹೋಗತಾಳ, ಕನ್ನಡ ಮಾತಾಡತಾಳ, ಓದಾಕ ಬರತಿರಲಿಲ್ಲ. ನಮ್ಮ ಕಡೆ ಕಲ್ಲಿನ ಮ್ಯಾಲೆ ಮರಾಠಿ, ಹಳ್ಳ ದಾಟಿ ಆ ಕಡೆ ಹೋದರ ಕನ್ನಡ. "ಮುತ್ಯಾ, ಇದೇನು?" ಅಂತ ಒಂದೊಂದ ಅಕ್ಷರ ಕೇಳಿ ಕೇಳಿ ಊರ ಹೆಸರು ಕೂಡಿಸಿ ಓದಾಕ ಕಲಿತಾಳ. ಪುಸ್ತಕ ಕೊಟ್ಟರ ಇನ್ನೂ ತಡವರಸತಾಳ, ಕಲ್ಲು ಮಾತ್ರ ಪಟಕ್ಕನ ಓದತಾಳ.

ಯಾವಾಗ ಹೋಗಬೇಕು ಅನ್ನೂದೂ ಐತಿ. ಮಳಿ ಬಿದ್ದ ಮರುದಿನ ಎರಿ ಭೂಮಿ ಕಡೆ ಹಾಯಬ್ಯಾಡ್ರಿ. ಎರಿ ಮಣ್ಣು ಗಾಲಿಗೆ ಹತ್ತಿದರ ಬಿಡೂದಿಲ್ಲ. ನಾವು ಒಮ್ಮೆ ಸಿಕ್ಕು, ಒಬ್ಬ ಪುಣ್ಯಾತ್ಮ ಟ್ರ್ಯಾಕ್ಟರ್ ತಂದು ಹಗ್ಗ ಹಾಕಿ ಎಳದ. ರೊಕ್ಕ ಕೊಡಾಕ ಹೋದರ "ಒಂದು ಪದ ಹಾಡ್ರಿ" ಅಂದ, ಕೆಸರಾಗ ನಿಂತ ಹಾಡಿದೆ. ಮಳಿಗಾಲದಾಗ ಮಸಾರಿ, ಗರಸು ಭೂಮಿ ಕಡೆ ಹೋಗಬೇಕು. ಬ್ಯಾಸಿಗ್ಯಾಗ ಒಂಬತ್ತರೊಳಗ ಮನಿ ಮುಟ್ಟಬೇಕು. ಆದರೂ ಮಾರ್ಚ್ ತಿಂಗಳಾಗ ಉಮದಿ ಕಡೆ ಒಮ್ಮೆ ಹೋಗ್ರಿ, ಹಸರು ಜಾಳಿಗಿ ಕಟ್ಟಿದ ಚಪ್ಪರದಾಗ ಅಟ್ಟ ಅಟ್ಟ ದ್ರಾಕ್ಷಿ ಒಣಗಿ ಮಣೂಕ ಆಗೂದು ನೋಡಬೇಕು. ವಾಸನೀನ ಒಂದು ಫರ್ಲಾಂಗ್ ಬರತೈತಿ.

ನನ್ನ ಮನಸಿಗೆ ಬರೂದು ಮಾತ್ರ ಎಳ್ಳ ಅಮಾಸಿಯಿಂದ ಸಂಕ್ರಾಂತಿ ಮುಂದಿನ ದಿನಗಳು. ಎರಡೂ ಕಡೆ ಎದಿಮಟ್ಟ ಬಿಳಿಜೋಳ, ನಡುನಡುವ ಕುಸುಬಿ ಹೂ, ದೂರ ಗುಡ್ಡದ ಮ್ಯಾಲೆ ಗಾಳಿ ಪಂಖಾ ನಿಧಾನ ತಿರುಗತಿರತಾವ. ಸೀತನಿ ಸುಡುವ ಹೊಗಿ ಕಂಡರ ಕಾರು ನಿಂದರಸ್ರಿ. ಕರೀಲಾರದ ಯಾರೂ ಬಿಡೂದಿಲ್ಲ. ಬೆಂಕಿ ಮುಂದ ಕುಂತು, ಅಂಗೈಯಾಗ ತೆನಿ ಬಡದು, ಊದಿ, ಬಿಸಿ ಕಾಳಿಗೆ ಶೇಂಗಾ ಹಿಂಡಿ ಕೂಡಿಸಿ ತಿಂದವರಿಗೇ ಅದರ ರುಚಿ ಗೊತ್ತು. ನನ್ನ ಸೊಸಿ ಪ್ಯಾಟಿಯಾಕಿ. ಈಗ ಡಿಸೆಂಬರ್ ಬಂತಂದರ ಆಕೀನ ಮೊದಲು ಕಾರಿನಾಗ ಕೂಡತಾಳ.

ಕುರಿ ಅಡ್ಡ ಬಂದರ ಹಾರ್ನ್ ಹೊಡೀಬ್ಯಾಡ್ರಿ. ನಮ್ಮ ಕಡೆ ಮಾಡಗ್ಯಾಳ ಕುರಿ ಅಂದರ ಎತ್ತರದ ಕುರಿ, ಗಿಳಿ ಮೂಗು, ಬಿಳಿ ಮೈಗೆ ಕಂದು ಮಚ್ಚಿ. ಒಂದೊಂದಕ್ಕ ಭಾರಿ ಬೆಲೆ. ಹೆದರಿಸಿ ಓಡಿಸಿದರ ಕುರುಬರ ಹುಡುಗ ಸಂಜಿತನಕ ಹುಡಕಬೇಕಾಗತೈತಿ. ಎಂಜಿನ್ ಬಂದ್ ಮಾಡಿ ಕೂಡ್ರಿ, ಎರಡು ನಿಮಿಷದಾಗ ಅವನೇ ದಾರಿ ಬಿಡಸತಾನ.

ಇಷ್ಟು ದಾರಿ ಸುತ್ತಿದರೂ ಒಂದು ದಾರಿ ನಾನು ತಪ್ಪಿಸಿಕೋತ ಬಂದಿದ್ದೆ. ಊರ ಹೆಸರು ಬ್ಯಾಡ. ಗುಡ್ಡದ ನೆತ್ತಿ ಮ್ಯಾಲೆ ಹಾದು ಆ ಕಡೆ ಇಳಿಯೂ ದಾರಿ. ನೆತ್ತಿ ಮ್ಯಾಲೆ ನಿಂತರ ಎರಡೂ ರಾಜ್ಯದ ಹೊಲ ಕಾಣತಾವ, ಯಾವುದು ಯಾರದು ಅಂತ ಹೇಳಾಕ ಬರೂದಿಲ್ಲ. ಅದರಷ್ಟು ಚಂದದ ದಾರಿ ನಮ್ಮ ಸುತ್ತ ಇನ್ನೊಂದಿಲ್ಲ. ಆದರ ಇಳಿದ ಕೂಡಲೇ ಸಿಗೂ ಮೊದಲ ಮನಿ ನನ್ನ ಹಾಡಿನ ಜೊತಿಗಾರಂದು. ನನಗಿಂತ ಮೂರು ವರ್ಷ ದೊಡ್ಡವ, ಅಣ್ಣಾ ಅಂತಿದ್ದೆ. ಇಪ್ಪತ್ತೆಂಟು ವರ್ಷ ನಾನು ಎತ್ತಿಕೊಟ್ಟರ ಅವ ಹಿಡೀತಿದ್ದ. ಹಂತಿ ನಿಂತ ಮ್ಯಾಲೆ ಡೊಳ್ಳಿನ ಪದಕ್ಕ ಜಾತ್ರಿ ಜಾತ್ರಿ ತಿರುಗಿದೆವು. ಹನ್ನೊಂದು ವರ್ಷದ ಹಿಂದ ಒಂದು ಜಾತ್ರ್ಯಾಗ ಅವನ ದನಿ ಎರಡು ಸಲ ಒಡೀತು. ಮರುವರ್ಷ ಅವನಿಗೆ ಹೇಳಲಾರದ ಬ್ಯಾರೆ ಹುಡುಗನ್ನ ಕರಕೊಂಡು ಹೋದೆ. ಯಾಕ ಅಂತ ಕೇಳಿದವರ ಮುಂದ "ಅವನ ದನಿ ಸತ್ತೈತಿ" ಅಂದೆ. ಆ ಮಾತು ಅವನ ಮನಿ ಮುಟ್ಟತು. ನಾನು ಮುಟ್ಟಲಿಲ್ಲ.

ಹೋದ ಜನವರಿಯಾಗ ಆ ದಾರಿ ಕೂಟಿಗೆ ಬಂದಾಗ ಮೊಮ್ಮಗಳು ಕೇಳಿದಳು: "ಮುತ್ಯಾ, ಪ್ರತಿ ಸಲ ಇಲ್ಲಿ ಬಲಕ್ಕ ಯಾಕ ಹೊಳ್ಳಸಂತಿ? ಎಡಕ್ಕ ಗುಡ್ಡ ಐತಿ, ಕಲ್ಲಿನ ತಲೀನೂ ಕೇಸರಿ ಐತಿ." ನನ್ನ ಹತ್ತರ ಉತ್ತರ ಇರಲಿಲ್ಲ. ಮಗನಿಗೆ ಗೊತ್ತಿತ್ತು, ಸುಮ್ಮನ ಎಡಕ್ಕ ಹೊಳ್ಳಿಸಿದ.

ನೆತ್ತಿ ಮ್ಯಾಲೆ ಎಲ್ಲಾರೂ ಇಳಿದು ನೋಡಿದರು. ನಾನು ಇಳೀಲಿಲ್ಲ. ಕೆಳಗ ಬಂದಾಗ ಅವ ಕಟ್ಟಿ ಮ್ಯಾಲೇ ಕುಂತಿದ್ದ. ಎರಡು ವರ್ಷದ ಹಿಂದ ಲಕವಾ ಹೊಡದಿತ್ತಂತ, ಬಾಯಿ ಒಂದು ಕಡೆ ಜಗ್ಗಿತ್ತು, ಕೈಯಾಗ ಕೋಲು. ನನಗ ಯಾರೂ ಹೇಳಿರಲಿಲ್ಲ. ಹೇಳತಾರ ಯಾಕ?

"ಹಾದಿ ತಪ್ಪಿ ಬಂದೇನೋ?" ಅಂದ. ಮಾತು ತೊದಲತಿತ್ತು.

"ಹುಡುಗಿ ಗುಡ್ಡ ನೋಡತೀನಿ ಅಂದ್ಲು" ಅಂದೆ.

"ನೋಡಿದ್ಲ?"

"ನೋಡಿದ್ಲು."

ವೈನಿ ಹೊರಗ ಬಂದು ನನ್ನ ಮಾರಿ ನೋಡಿ ಒಂದು ಗಳಿಗಿ ಬಾಗಲದಾಗ ನಿಂತಳು. ಆಮ್ಯಾಲೆ "ಬಾ ತಮ್ಮಾ, ಒಳಗ ಬಾ. ಚಹಾ ಇಡತೀನಿ" ಅಂದಳು. ಚಹಾ ಕುಡಿಯೂತನಕ ಮಳಿ, ಬೆಳಿ, ಮೊಮ್ಮಕ್ಕಳ ಸುದ್ದಿ. ಬಸಿ ಕೆಳಗಿಟ್ಟ ಮ್ಯಾಲೆ ನನಗ ತಡಿಯಾಕ ಆಗಲಿಲ್ಲ. "ಅಣ್ಣಾ, ಅವತ್ತ ನಾ ಆಡಬಾರದ ಮಾತು ಆಡಿದೆ" ಅಂದೆ.

ಅವ ಬಾಳ ಹೊತ್ತು ಕೋಲಿಲೆ ನೆಲ ಕೆರಕೋತ ಕುಂತ. "ದನಿ ಈಗ ಖರೇನ ಹೋಗೇತಿ. ನೀ ಹೇಳಿದ್ದು ಸ್ವಲ್ಪ ಮೊದಲ ಆತು, ಅಷ್ಟ" ಅಂದ. ನಕ್ಕು ಅಂದನೋ ಸಿಟ್ಟಿಲೆ ಅಂದನೋ, ಆ ಜಗ್ಗಿದ ಬಾಯಾಗ ನನಗ ಗೊತ್ತಾಗಲಿಲ್ಲ.

ಹೊರಡೂಮುಂದ ಮಗನಿಗೆ ಅಂದ: "ಬಂದ ದಾರೀಲೆ ಹೋಗಬ್ಯಾಡ. ಹಳ್ಳದ ದಂಡಿ ಹಿಡಿ. ನಿಮ್ಮಪ್ಪಗ ಆ ದಾರಿ ಗೊತ್ತಿಲ್ಲ, ಅವ ಗಾಡ್ಯಾಗ ಯಾವಾಗಲೂ ನಿದ್ದಿ ಮಾಡತಿದ್ದ, ಹೊಡೀತಿದ್ದಾವ ನಾ." ಹೇಳಿ ತಿಳಿಯೂ ದಾರಿ ಅಲ್ಲ ಅಂತ ತಾನೇ ಎದ್ದ. ನಾನೂ ಮಗನೂ ಎರಡೂ ಕಡೆ ಹಿಡಿದು ಮುಂದಿನ ಸೀಟಿನಾಗ ಕುಂದರಿಸಿದೆವು. ನಾನು ಹಿಂದ, ಮೊಮ್ಮಗಳ ಮಗ್ಗಲಕ್ಕ. ಹಳ್ಳದ ದಂಡಿಗುಂಟ ಹೊಂಗಿ ಗಿಡ, ಒಂದು ಹಳೇ ಮೆಟ್ಟಲಬಾವಿ, ನವಿಲು. ಅಂಥಾ ದಾರಿ ಐತಿ ಅಂತ ನನಗ ಖರೇನ ಗೊತ್ತಿರಲಿಲ್ಲ. ಕೋಲಿನಿಂದ ಎಡಕ್ಕ, ಬಲಕ್ಕ ಅಂತ ತೋರಸಕೋತ ನಮ್ಮೂರ ಸೀಮಿತನಕ ಬಂದ. ಅಲ್ಲಿಂದ ಅವನ್ನ ಮನಿಗೆ ಬಿಡಾಕ ಮತ್ತ ಅದೇ ದಾರೀಲೆ ಹೋದೆವು, ಮತ್ತ ತಿರುಗಿ ಬಂದೆವು. ಮೂರು ಸಲ ಆತು. ಮಗ ಎಣ್ಣಿ ಲೆಕ್ಕ ಹಾಕಲಿಲ್ಲ.

ಈ ವರ್ಷ ಸೀತನಿ ಮುಗಿಯೂದರೊಳಗ ಬರ್ರಿ ಅಂತ ವೈನಿ ಹೇಳಿ ಕಳಿಸ್ಯಾಳ. ಅವರ ಹೊಲದಾಗ ಜೋಳ ಈ ಸಲ ಛಲೋ ಐತಂತ.