ಸಂದು ಮುಚ್ಚುವ ವಿದ್ಯೆ

ಮುಂಬಯಿಯಲ್ಲಿ ಮೂವತ್ತು ಮಳೆಗಾಲ ಕಳೆದವನಿಗೆ ಕಿಟಕಿಯ ಸಂದು ಮುಚ್ಚಲು ಬಾರದೆಂದರೆ ಓದುಗರು ನಗಬಹುದು. ನಗಲಿ, ತಮ್ಮ ಮನೆಯ ಕಿಟಕಿಗಳನ್ನೂ ಒಮ್ಮೆ ನೋಡಿಕೊಂಡು ಆಮೇಲೆ ನಗಲಿ ಎಂಬುದಷ್ಟೇ ನನ್ನ ವಿನಂತಿ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಮನೆಗೆ ಬಣ್ಣ ಹೊಡೆಸುವುದೆಂದು ತೀರ್ಮಾನವಾಯಿತು. ಪಡುವಣ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೂ ಗೋಡೆಗೂ ನಡುವೆ ಒಳಗೂ ಹೊರಗೂ ಸಂದು ಬಿಟ್ಟಿತ್ತು. ನೆಲಮಹಡಿಯ ಮನೆ, ಸ್ಟೂಲು ಹಾಕಿದರೆ ಹೊರಗಿನ ಸಂದೂ ಕೈಗೆ ಎಟುಕುತ್ತದೆ. ಇಷ್ಟಕ್ಕೆ ಕೂಲಿ ಏಕೆಂದು ನಾನೇ ಹಾರ್ಡ್‌ವೇರ್ ಅಂಗಡಿಗೆ ನಡೆದೆ. ಅಂಗಡಿಯಾತ ಎರಡು ಟ್ಯೂಬುಗಳನ್ನು ಮುಂದಿಟ್ಟ: ಒಂದು ಅಕ್ರಿಲಿಕ್, ಇನ್ನೊಂದು ಸಿಲಿಕೋನ್. ಸಿಲಿಕೋನಿಗೆ ಬೆಲೆ ಹೆಚ್ಚು. ಎರಡೂ ಸಂದು ಮುಚ್ಚುವ ಅಂಟೇ ತಾನೆ ಎಂದು ಒಂದೊಂದು ಕೊಂಡೆ. ಬೆಲೆಯುಳ್ಳದ್ದನ್ನು ಬಂದವರ ಕಣ್ಣಿಗೆ ಬೀಳುವ ಒಳಮೈಗೆ ಹಚ್ಚಿದೆ. ಅಗ್ಗದ್ದನ್ನು, ಕಾಗೆಯಲ್ಲದೆ ಮತ್ತಾರೂ ನೋಡದ ಹೊರಮೈಗೆ.

ಮೊದಲ ಪೆಟ್ಟು ಬಣ್ಣದವನಿಂದ ಬಿತ್ತು. ಒಳಗಿನ ಸಂದಿನ ಮೇಲೆ ಅವನ ಬಣ್ಣ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಜಾರಿತು. "ಸಾಹೇಬರೇ, ಇದರ ಮೇಲೆ ಬಣ್ಣ ನಿಲ್ಲುವುದಿಲ್ಲ" ಎಂದು ಕುಂಚ ಕೆಳಗಿಟ್ಟ.

ಎರಡನೆಯದು ಮಳೆಯ ಪೆಟ್ಟು. ಜೂನ್ ತಿಂಗಳ ಒಂದು ರಾತ್ರಿ ಗಾಳಿಮಳೆ ಬಡಿಯಿತು. ಬೆಳಿಗ್ಗೆ ನೋಡಿದರೆ ಕಿಟಕಿಯ ಕೆಳಗಿನ ಕಪಾಟಿನೊಳಗೆಲ್ಲ ನೀರು. ಅದರಲ್ಲಿದ್ದುದು, ನಾನು ಈ ಊರಿಗೆ ಬಂದ ಹೊಸತರಲ್ಲಿ ತಂದೆಯವರು ಧಾರವಾಡದಿಂದ ವಾರವಾರವೂ ಬರೆಯುತ್ತಿದ್ದ ಕಾಗದಗಳ ಕಟ್ಟು. ಎಲ್ಲವೂ ಶಾಯಿಯ ಬರಹ. ನಾವಿಬ್ಬರೂ ಒಂದೊಂದನ್ನೇ ಬಿಡಿಸಿ ಹಾಸಿಗೆಯ ಮೇಲೆ ಹರಡಿದೆವು. ಮೇಲಿನ ಹನ್ನೊಂದು ಕಾಗದಗಳಲ್ಲಿ ನೀಲಿ ಕಲೆ ಉಳಿದಿತ್ತೇ ಹೊರತು ಅಕ್ಷರ ಉಳಿದಿರಲಿಲ್ಲ. ಒಂದರಲ್ಲಿ 'ಚಿ॥' ಎಂಬಷ್ಟು ಮಾತ್ರ ಓದಲು ಬರುತ್ತಿತ್ತು.

ನನ್ನಾಕೆ ಬಹಳ ಹೊತ್ತು ಸುಮ್ಮನಿದ್ದು, "ಅಲ್ಲರೀ, ಮಳೆ ಬರೋದು ಹೊರಗಿನಿಂದಲೋ ಒಳಗಿನಿಂದಲೋ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ನಮ್ಮ ಸಂಘದ ಹಿರಿಯರೊಬ್ಬರಿಂದ. ಅವರು ನಿವೃತ್ತ ಇಂಜಿನಿಯರು. "ಏನಪ್ಪಾ, ಟ್ಯೂಬಿನ ಬೆಲೆ ಕೇಳಿದೆಯೇ ಹೊರತು ಸಂದಿನ ಕಷ್ಟ ಕೇಳಲಿಲ್ಲ" ಎಂದು ಆರಂಭಿಸಿದರು. ಅಕ್ರಿಲಿಕ್ ನೀರಿನಲ್ಲಿ ಕಲಸಿದ ಅಂಟು. ನೀರು ಆರಿದಂತೆ ಗಟ್ಟಿಯಾಗುತ್ತದೆ, ಕೊಂಚ ಕುಗ್ಗುತ್ತದೆ. ಅದರ ಮೇಲೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮನೆಯೊಳಗೆ ಗೋಡೆಯ ಬಿರುಕಿಗೂ ಬಾಗಿಲ ಚೌಕಟ್ಟಿನ ಅಂಚಿಗೂ ಅದೇ ಸರಿ. ಆದರೆ ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗಿ ಇರುಳಿಗೆ ಕುಗ್ಗುವಾಗ ಆ ಎಳೆದಾಟವನ್ನು ಅದು ಹೆಚ್ಚು ತಾಳದು, ಅಂಚು ಬಿಡುತ್ತದೆ. ಸಿಲಿಕೋನ್ ಗಾಳಿಯ ತೇವದಿಂದ ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ಎಳೆದರೆ ಎಳೆಯುತ್ತದೆ, ಬಿಸಿಲಿಗೂ ನೀರಿಗೂ ಜಗ್ಗುವುದಿಲ್ಲ. ಕಿಟಕಿಯ ಹೊರಮೈ, ಬಚ್ಚಲ ಮೂಲೆ, ಅಡಿಗೆಮನೆಯ ಸಿಂಕಿನ ಸುತ್ತು ಅದರ ಜಾಗ; ಬಚ್ಚಲಿಗೆ ಬೂಷ್ಟು ತಡೆಯುವ ಬಗೆಯನ್ನೇ ಕೇಳಿ ಕೊಳ್ಳಬೇಕು. ಹಚ್ಚುವಾಗ ವಿನಿಗರಿನಂತೆ ಹುಳಿವಾಸನೆ ಬರುವ ಸಿಲಿಕೋನು ಅಮೃತಶಿಲೆಯನ್ನು ಕೆಡಿಸುತ್ತದೆ, ಕೆಲವು ಲೋಹಗಳನ್ನೂ ತಿನ್ನುತ್ತದೆ. ಅಂಥಲ್ಲಿ 'ನ್ಯೂಟ್ರಲ್' ಎಂದು ಬರೆದದ್ದನ್ನು ಆರಿಸಬೇಕು. ಇನ್ನು ಬಚ್ಚಲ ನೆಲದ ಹಾಸಿನ ಅಡಿಯಲ್ಲೇ ನೀರು ಇಳಿಯುತ್ತಿದ್ದರೆ ಈ ಎರಡು ಟ್ಯೂಬುಗಳೂ ನಿರುಪಯೋಗಿ, ಮೇಸ್ತ್ರಿಯನ್ನೇ ಕರೆಯಬೇಕು.

ಮಳೆ ಮುಗಿದು ಗೋಡೆ ಚೆನ್ನಾಗಿ ಒಣಗಿದ ಮೇಲೆ ಕೆಲಸಕ್ಕೆ ಕುಳಿತೆ. ಹಳೆಯ ಸಿಲಿಕೋನಿನ ಮೇಲೆ ಬಣ್ಣವಷ್ಟೇ ಅಲ್ಲ, ಹೊಸ ಸಿಲಿಕೋನೂ ಸರಿಯಾಗಿ ಹಿಡಿಯುವುದಿಲ್ಲವಂತೆ. ಆದ್ದರಿಂದ ಬ್ಲೇಡು ಹಿಡಿದು ಒಳಗಿನದನ್ನೂ ಹೊರಗಿನದನ್ನೂ ಚೂರೂ ಬಿಡದೆ ಕೆರೆದೆ. ಹಚ್ಚಲು ಅರ್ಧ ಗಂಟೆ ಹಿಡಿದಿತ್ತು. ಕೆರೆಯಲು ಎರಡು ಭಾನುವಾರ. ಹೊರಗೆ ಸಿಲಿಕೋನ್, ಒಳಗೆ ಅಕ್ರಿಲಿಕ್. ಸಿಲಿಕೋನ್ ದಿನಕ್ಕೆ 2–3 ಮಿಲಿಮೀಟರ್ ಆಳದಷ್ಟೇ ಗಟ್ಟಿಯಾಗುವುದರಿಂದ ಮೂರು ದಿನ ಕಿಟಕಿ ಮುಟ್ಟಲಿಲ್ಲ. ಬಣ್ಣದವನು ಮತ್ತೆ ಬಂದು ಮಾತಿಲ್ಲದೆ ಬಣ್ಣ ಬಳಿದು ಹೋದ.

ಈ ವರ್ಷ ಮೊದಲ ಜಡಿಮಳೆಯ ಬೆಳಿಗ್ಗೆ ಸಂದಿನ ಉದ್ದಕ್ಕೂ ಬೆರಳಾಡಿಸಿ ನೋಡಿದೆ, ಒಣಗಿತ್ತು. ಕಾಗದದ ಕಟ್ಟು ಈಗ ಒಳಕೋಣೆಯ ಉಕ್ಕಿನ ಪೆಟ್ಟಿಗೆಯಲ್ಲಿದೆ. ಅಕ್ಷರವಿಲ್ಲದ ಆ ಹನ್ನೊಂದನ್ನೂ ಎಸೆದಿಲ್ಲ. ಮಡಿಕೆಗಳಾದರೂ ತಂದೆಯವರು ಮಡಿಸಿದವೇ ಅಲ್ಲವೆ?

ಓದುಗರಲ್ಲಿ ಒಂದೇ ಮಾತು: ಮಳೆಗಾಲಕ್ಕೆ ಮೊದಲು ಹೊರಗೆ ಹೋಗಿ ನಿಂತು ನಿಮ್ಮ ಕಿಟಕಿಯನ್ನು ನೋಡಿ. ನಾವು ಒಳಗಿನಿಂದಲೇ ನೋಡುವವರು. ಮಳೆ ಹೊರಗಿನಿಂದ ನೋಡುತ್ತದೆ.