ಕಷಾಯದ ಪಾತ್ರೆಯಲ್ಲಿ ಬ್ಲೇಡು

ಆರಿದ್ರಾ ಮಳೆಯೋ ಪುನರ್ವಸುವೋ, ಈಗ ಸರಿಯಾಗಿ ನೆನಪಿಲ್ಲ. ಒಟ್ಟಿನಲ್ಲಿ ಹಳ್ಳ ಉಕ್ಕಿ ಸಂಕ ಮುಳುಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಚಿಕ್ಕಮ್ಮನಿಗೆ ದಿನ ತುಂಬಿತ್ತು.

ಅವಳ ಚೊಚ್ಚಲ ಕೂಸು ಹುಟ್ಟಿದಾಗ ಚೆನ್ನಾಗೇ ಇತ್ತಂತೆ. ವಾರದೊಳಗೆ ದವಡೆ ಕಚ್ಚಿಕೊಂಡು ಮೊಲೆ ಬಿಟ್ಟಿತು, ಮೈ ಬಿಲ್ಲಿನ ಹಾಗೆ ಸೆಟೆಯಿತು, ಹೋಯ್ತು. ಗಾಳಿ ಸೋಕಿತು ಅಂದರು. ಹುಲ್ಲು ಕೊಯ್ಯೋ ಕತ್ತಿಯಲ್ಲೇ ಹೊಕ್ಕುಳಬಳ್ಳಿ ಕೊಯ್ದು, ಮೇಲೆ ಸಗಣಿ ಬೂದಿ ಮೆತ್ತುತ್ತಿದ್ದ ಕಾಲ. ಅದು ಧನುರ್ವಾಯು ಅಂತ ಮೊದಲು ಹೇಳಿದವರು ನರ್ಸಮ್ಮ.

ಈ ನರ್ಸಮ್ಮ ಕಾಫಿ ಮುಟ್ಟುತ್ತಿರಲಿಲ್ಲ. ಜೀರಿಗೆ ಕಷಾಯವೇ ಆಗಬೇಕು, ಜೊತೆಗೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಅದರ ಆಸೆಗೇ ಗುಡ್ಡ ಹತ್ತಿ ಬರ್ತಾರೆ ಅಂತ ಅಪ್ಪಯ್ಯ ನಗಾಡುತ್ತಿದ್ದರು. ಚಿಕ್ಕಮ್ಮ ಮತ್ತೆ ಬಸುರಿಯಾದಾಗ ಬಂದವರು ಹಪ್ಪಳ ಮುಗಿಸಿ, ಕೈ ತಿಕ್ಕಿ ತೊಳೆದು, ಅವಳಿಗೆ ಧನುರ್ವಾಯು ತಡೆಯುವ ಟಿಟಿ ಸೂಜಿ ಚುಚ್ಚಿದರು. ತಿಂಗಳು ಬಿಟ್ಟು ಇನ್ನೊಂದು. "ತಾಯಿಗೆ ಹಾಕಿದ್ದು ಮಗೂನೂ ಕಾಯ್ತದೆ" ಅಂದರು. ಹೋಗುವಾಗ ಹೊಸ ಬ್ಲೇಡು, ದಾರ ಕೊಟ್ಟು, ಕುದಿಸದೆ ಮುಟ್ಟಬೇಡಿ ಅಂತ ಸೂಲಗಿತ್ತಿ ಅಜ್ಜಿಗೆ ತಾಕೀತು ಮಾಡಿದರು. ಅಜ್ಜಿ ಮೂತಿ ತಿರುವಿದಳು: "ನಾ ಹಿಡಿದ ಕೂಸುಗಳೆಷ್ಟು, ನೀ ಹುಟ್ಟಿದ್ದು ಯಾವಾಗ?"

ಸಂಕ ಮುಳುಗಿದ ಆ ರಾತ್ರಿ ಚಿಕ್ಕಮ್ಮನಿಗೆ ನೋವು ಬಂದಾಗ ನರ್ಸಮ್ಮ ಹಳ್ಳ ದಾಟೋ ಹಾಗಿರಲಿಲ್ಲ. ಅಜ್ಜಿ ಗೊರಬು ಬಿಸಾಕಿ ಒಳಗೆ ಬಂದವಳೇ ಅಮ್ಮನ ಕಷಾಯದ ಪಾತ್ರೆ ಎಳೆದು, ನೀರು ಹೊಯ್ದು, ಬ್ಲೇಡು ದಾರ ಎರಡನ್ನೂ ಹಾಕಿ ಒಲೆಗೇರಿಸಿದಳು. ಅಮ್ಮ ಪಾತ್ರೆಗಾಗಿ ಗೊಣಗಿದ್ದು ನೆನಪಿದೆ. ಕೂಸು ಅತ್ತದ್ದು ನೆನಪಿಲ್ಲ, ನಿದ್ದೆ ಬಂದಿತ್ತೇನೋ. ಹೊಕ್ಕುಳಿಗೆ ಬೂದಿ ಬೀಳಲಿಲ್ಲ. ವಾರ ಕಳೆದರೂ ಕೂಸು ಚಪ್ಪರಿಸಿ ಹಾಲು ಕುಡಿಯುತ್ತಿತ್ತು.

ಈಚೆಗೆ ಆಶಾ ಕಾರ್ಯಕರ್ತೆಯೊಬ್ಬಳು ಜಗುಲಿಯಲ್ಲಿ ಕೂತು ತಾಯಿ ಕಾರ್ಡು ಬರೆಯುವಾಗ ಇದನ್ನೆಲ್ಲ ಹೇಳಿದೆ. ಆಗಿನ ಲೆಕ್ಕ ಅವಳಿಗೆ ನಂಬಿಕೆಯೇ ಬರಲಿಲ್ಲ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ಕ್ಕೆ ಅದು 28, ಕರ್ನಾಟಕದಲ್ಲಿ 19. ಈಗ ಹೋಗುವವು ಹೆಚ್ಚಾಗಿ ಮೊದಲ ತಿಂಗಳಲ್ಲೇ. ತಿಂಗಳು ತುಂಬದೆ ಹುಟ್ಟಿದವು, ತೂಕ ಕಮ್ಮಿಯವು. ಅವಕ್ಕೆ ಬ್ಲೇಡು ಕುದಿಸಿದರೆ ಸಾಲದು. ಬೆಚ್ಚಗಿಡುವ ವಾರ್ಮರ್ ಬೇಕು, ರಾತ್ರಿಯೂ ಎಚ್ಚರವಿರುವ ನರ್ಸು ಬೇಕು. ಮಳೆಗಾಲದಲ್ಲಿ ಆಸ್ಪತ್ರೆ ಮುಟ್ಟಿಸುವ ರಸ್ತೆ ಅದಕ್ಕೂ ಮೊದಲು ಬೇಕು.

ಅಜ್ಜಿ ಮಾತ್ರ ನರ್ಸಮ್ಮನನ್ನು ಕೊನೆವರೆಗೂ ಹೊಗಳಲಿಲ್ಲ. ಆದರೆ ಹೆರಿಗೆಗೆ ಕರೆಯಲು ಹೋದವರಿಗೆ ಅಕ್ಕಿ, ರವಿಕೆ ಕಣದ ಜೊತೆ ಇನ್ನೊಂದು ಕರಾರು ಹಾಕತೊಡಗಿದಳು: "ಹೊಸಾ ಬ್ಲೇಡು ತಂದಿಡಿ. ಕಾಗದ ನಾನೇ ಬಿಚ್ತೀನಿ."