ಎರಡು ನಿಮಿಷದ ದೂರ

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿನ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ನೆರೆಹೊರೆಯ ದ್ವೀಪಗಳ ನಡುವೆ 1967ರಿಂದ ವಿಮಾನ ಓಡಾಡುತ್ತಿದೆ. ದೂರ ಸುಮಾರು 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಎರಡೇ ನಿಮಿಷ! ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಗಡಿಯಾರ ನೋಡಿದೆ. ಸಾಸಿವೆ ಸಿಡಿಯುವಷ್ಟರಲ್ಲಿ ಅವರು ಇಳಿದಾಗಿರುತ್ತದೆ.

ಇಷ್ಟಕ್ಕೆ ವಿಮಾನವೇ ಎನ್ನಬೇಡಿ. ನಡುವೆ ಇರುವುದು ಸಮುದ್ರ. ದೋಣಿಯೇನೋ ಉಂಟು, ಆದರೆ ಕಡಲು ಕೆರಳಿದ ದಿನ ಅದನ್ನು ನಂಬುವುದು ಹೇಗೆ? ಪಾಪಾ ವೆಸ್ಟ್ರೇಯಲ್ಲಿರುವುದು ನೂರರ ಆಸುಪಾಸು ಜನ. ಅಲ್ಲಿಗೆ ಬರುವ ಮೇಷ್ಟರು, ವೈದ್ಯರು, ಅಲ್ಲಿಂದ ಆಸ್ಪತ್ರೆಗೆ ಹೊರಟ ರೋಗಿಗಳು ಹತ್ತುವುದು ಆ ಪುಟ್ಟ ವಿಮಾನವನ್ನೇ. ಜ್ವರದಿಂದ ಸುಡುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ದೂರವನ್ನು ಅಳೆಯುವುದು ಡಾಕ್ಟರು ಸಿಗುವವರೆಗಿನ ಹೊತ್ತಿನಿಂದ. ಅವಳ ಎದುರು ನಿಂತು ಈ ಎರಡು ನಿಮಿಷವನ್ನು ದುಂದೆಂದು ಹೇಳುವವರು ಯಾರು?